ಬ್ಯಾಸ್ಕೆಟ್‌ಬಾಲ್: ಫ್ರೀ ಥ್ರೋ ವೇಳೆ ತೀರ್ಪುಗಾರರ ಕೈಸನ್ನೆಗಳು

ಭೀಮನಬೀಡು ಸೇರಿದಂತೆ ಗುಂಡ್ಲುಪೇಟೆ ತಾಲ್ಲೂಕಿನ ಗ್ರಾಮಗಳಿಂದ ಬ್ಯಾಸ್ಕೆಟ್‌ಬಾಲ್ ಕ್ರೀಡಾಕೂಟಗಳಿಗೆ ಹೆಸರು ನೋಂದಾಯಿಸುವವರು ಫಿಬಾದ ಈ ನಿಯಮಗಳನ್ನು ಗಮನಿಸತಕ್ಕದ್ದು.

ಇಬ್ಬರು ತೀರ್ಪುಗಾರರಿರುವ ಪಂದ್ಯದಲ್ಲಿ, ಬ್ಯಾಸ್ಕೆಟ್‌ನ ಕೆಳಗೆ ನಿಲ್ಲುವವರು ಎಸೆತಗಳ ಸಂಖ್ಯೆಯನ್ನು ಬೆರಳುಗಳಿಂದ ಸೂಚಿಸಿ ಚೆಂಡನ್ನು ನೀಡುತ್ತಾರೆ. ಎಸೆತಗಾರರು 5 ಸೆಕೆಂಡುಗಳೊಳಗೆ ಎಸೆಯಬೇಕು. ಎಸೆದಂತೆ ನಟಿಸುವುದು ನಿಷಿದ್ಧ. ಎಸೆತ ಸಫಲವಾದಲ್ಲಿ ಹಿಂದೆ ನಿಂತ ತೀರ್ಪುಗಾರರು ಒಂದು ಬೆರಳನ್ನು ಎತ್ತಿ, ಮಣಿಕಟ್ಟಿನಿಂದ ಕೆಳಗೆ ಬಾಗಿಸಿ 1 ಅಂಕವನ್ನು ತೋರಿಸುತ್ತಾರೆ.

ಹೊಸ ತಂಡಗಳು ಎಡವುವುದು ಹೆಚ್ಚಾಗಿ ರಿಬೌಂಡ್ ಸ್ಥಾನಗಳಲ್ಲಿ. ಚೆಂಡು ಎಸೆತಗಾರರ ಕೈ ಬಿಡುವವರೆಗೆ ಅಲ್ಲಿ ನಿಂತವರು ಕದಲುವಂತಿಲ್ಲ. ಎದುರಾಳಿ ಕದಲಿ ಎಸೆತ ತಪ್ಪಿದರೆ ಮತ್ತೊಂದು ಎಸೆತ ದೊರೆಯುತ್ತದೆ. ಸ್ವಂತ ತಂಡದವರು ಕದಲಿ ಕೊನೆಯ ಎಸೆತ ತಪ್ಪಿದರೆ ಚೆಂಡು ಎದುರಾಳಿಗೆ ಸೇರುತ್ತದೆ. ಎಸೆತ ಸಫಲವಾದರೆ ಈ ಲೋಪವನ್ನು ಪರಿಗಣಿಸುವುದಿಲ್ಲ. ಆದರೆ ಎಸೆತಗಾರರೇ ನಿಯಮ ಮುರಿದಲ್ಲಿ, ಚೆಂಡು ಬ್ಯಾಸ್ಕೆಟ್‌ಗೆ ಬಿದ್ದರೂ ಅಂಕ ದೊರೆಯದು.