ಮಾರ್ಚ್‌ನಲ್ಲಿ ನೋಡಿದ ಗೋಡೆ

ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಹಳೇ ಹಂಚಿನ ಮನೆ ಕೊಂಡು, ರಿಪೇರಿ ಮಾಡಿ ಬಾಡಿಗೆಗೆ ಬಿಡೋಣ ಎನ್ನುವವರು ಮನೆ ನೋಡಲು ಹೊರಡುವುದು ಬೇಸಿಗೆಯಲ್ಲಿ. ಆಗ ಗೋಡೆ ಒಣಗಿರುತ್ತದೆ, ಹೊಸ ಬಣ್ಣ ಮಿಂಚುತ್ತಿರುತ್ತದೆ. ನೆಲದಿಂದ ಮೊಳದೆತ್ತರದಲ್ಲಿ ಉಗುರಿನಿಂದ ಕೆರೆಯಿರಿ. ಬಣ್ಣ ಹಪ್ಪಳದಂತೆ ಎದ್ದು, ಹಿಂದಿನಿಂದ ಬಿಳಿ ಹುಡಿ ಉದುರಿತೇ? ನೆಲದ ತೇವ ಗೋಡೆ ಹತ್ತಿ, ಆರಿ, ಉಳಿಸಿಹೋದ ಉಪ್ಪು ಅದು.

ಇದಕ್ಕೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ಗಟ್ಟಿಯಾಗಿ ಸಿಮೆಂಟ್ ಗಿಲಾವು ಹೊಡೆಸಿ. ಈ ನಂಬಿಕೆಯಷ್ಟು ಹಳೇ ಮನೆ ಕೆಡಿಸಿದ್ದು ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಚಿರೇಕಲ್ಲು ತೂತುತೂತಾದ ಕಲ್ಲು. ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಗಾಳಿ ಸಿಕ್ಕರೆ ಬಿಡುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ ಆ ಉಸಿರಾಟಕ್ಕೆ ಅಡ್ಡ ಬರುತ್ತಿರಲಿಲ್ಲ. ಸಿಮೆಂಟ್ ಬಾಯಿ ಮುಚ್ಚಿಸುತ್ತದೆ. ಒಳಗೆ ಸಿಕ್ಕಿಬಿದ್ದ ನೀರು ಆರಲು ದಾರಿ ಹುಡುಕುತ್ತ ಮೊಳಕಾಲಿನಿಂದ ಸೊಂಟದೆತ್ತರಕ್ಕೆ ಏರುತ್ತದೆ. ಮೊದಲು ಸೂರಿನ ನೀರು ಪಂಚಾಂಗಕ್ಕೆ ಬೀಳದಂತೆ ದಂಬೆ ಕಟ್ಟಿಸಿ, ಅಂಗಳದ ಇಳಿಜಾರು ಹೊರಕ್ಕೆ ತಿರುಗಿಸಿ. ಗೋಡೆ ಒಂದು ಬೇಸಿಗೆ ಆರಲಿ. ಗಾರೆ, ಬಣ್ಣ ಆಮೇಲೆ. ಕಾಂಕ್ರೀಟ್ ಕೆಲಸವಿದ್ದರೆ ಅಳಿವೆಯ ಉಪ್ಪು ಮರಳು ಬೇಡವೇ ಬೇಡ; ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬನ್ನೇ ಸೀಳುತ್ತದೆ.

"ಹಳೇ ಮನೆ ಇದೆಯಲ್ಲ, ಕೆಡವಿ ಎರಡಂತಸ್ತು ಏರಿಸಿದರಾಯಿತು" ಎನ್ನುವವರೂ ಇದ್ದಾರೆ. ಕರಾವಳಿ ನಿಯಂತ್ರಣ ವಲಯದ ನಿಯಮ ಸಮುದ್ರದ ದಂಡೆಗಷ್ಟೇ ಅಲ್ಲ, ಉಬ್ಬರದ ನೀರು ಏರುವ ಶರಾವತಿ, ಅಘನಾಶಿನಿಯ ದಂಡೆಗೂ ಇದೆ. ಹಳ್ಳಿಗಳ ನಿರ್ಮಾಣ ನಿಷೇಧಿತ ವಲಯದಲ್ಲಿ ಪರವಾನಗಿ ಇರುವ ಹಳೇ ಮನೆಯನ್ನು ಇದ್ದ ಪಂಚಾಂಗದಷ್ಟೇ ಅಳತೆಯಲ್ಲಿ ದುರಸ್ತಿ ಮಾಡಬಹುದು, ಮರುಕಟ್ಟಬಹುದು. ಹಿಗ್ಗಿಸುವಂತಿಲ್ಲ.

ಕಾಗದದ ವಿಷಯಕ್ಕೆ ಬಂದರೆ, ಇಸಿ ಚೊಕ್ಕವಾಗಿದ್ದರೆ ಆಸ್ತಿಯೂ ಚೊಕ್ಕ ಎಂಬ ಭ್ರಮೆ. ಋಣಭಾರ ಪತ್ರ ಹೇಳುವುದು ನೋಂದಣಿಯಾದ ವ್ಯವಹಾರ ಮಾತ್ರ. ಮುಂಬೈಗೆ ಮದುವೆಯಾಗಿ ಹೋದ ಮಗಳ ಪಾಲು ಅದರಲ್ಲಿ ಕಾಣುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದಲ್ಲಿ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು; ಮುಸ್ಲಿಂ ಕುಟುಂಬದಲ್ಲೂ ಹೆಣ್ಣುಮಕ್ಕಳಿಗೆ ಪಾಲಿದೆ. ವಂಶವೃಕ್ಷ ಬರೆಸಿ, ಅದರಲ್ಲಿರುವ ಪ್ರತಿ ಹಕ್ಕುದಾರರ ಸಹಿ ಕೇಳಿ.

ಭಟ್ಕಳದಲ್ಲಿ ಮನೆಯ ಯಜಮಾನ ದುಬೈಯಲ್ಲೋ ಜೆಡ್ಡಾದಲ್ಲೋ ಇರುವುದು ಮಾಮೂಲು. ಅನಿವಾಸಿ ಭಾರತೀಯರು ಇಲ್ಲಿ ಮನೆ ಕೊಳ್ಳಲು ರಿಸರ್ವ್ ಬ್ಯಾಂಕಿನ ವಿಶೇಷ ಅನುಮತಿ ಬೇಕಿಲ್ಲ. ಅವರು ಕೊಳ್ಳಬಾರದ್ದು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್. ಅವರಿಂದ ಕೊಳ್ಳುವವರು ಎಡವುವುದು ಟಿಡಿಎಸ್‌ನಲ್ಲಿ. 50 ಲಕ್ಷ ಮುಟ್ಟಿದರೆ ಮಾತ್ರ, ಅದೂ 1% ಎಂಬ ಲೆಕ್ಕ ಊರಲ್ಲಿರುವ ಮಾರಾಟಗಾರರಿಗೆ. ಅನಿವಾಸಿಯಾದರೆ ಬೆಲೆ ಎಷ್ಟೇ ಇರಲಿ, ದೀರ್ಘಾವಧಿ ಲಾಭದ ಮೇಲೆ 12.5%, ಜೊತೆಗೆ ಸೆಸ್ ಮುಂತಾದವು. ಮುರಿದುಕೊಳ್ಳದಿದ್ದರೆ ಆ ತೆರಿಗೆ, ಬಡ್ಡಿ ಕೊಂಡವರ ತಲೆಗೇ ಬರುತ್ತದೆ.

ಇನ್ನು ಸಾಲ. ಬ್ಯಾಂಕ್ 90% ಕೊಡುತ್ತದೆ ಎಂದು ಮುಂಗಡ ಕೊಟ್ಟುಬಿಡಬೇಡಿ. ಆ ಮಿತಿ 30 ಲಕ್ಷದವರೆಗಿನ ಸಾಲಕ್ಕೆ. ಅಲ್ಲಿಂದ 75 ಲಕ್ಷದವರೆಗೆ 80%. 40 ಲಕ್ಷದ ಮನೆಗೆ ಹೆಚ್ಚೆಂದರೆ 32 ಲಕ್ಷ ಸಿಕ್ಕೀತು. ಕೈಯಿಂದ 8 ಲಕ್ಷ, 5% ಮುದ್ರಾಂಕ, ಅದರ ಮೇಲಿನ ಸೆಸ್, 2025ರ ಆಗಸ್ಟ್ ಕೊನೆಯಿಂದ 2% ಆಗಿರುವ ನೋಂದಣಿ ಶುಲ್ಕ ಕೂಡಿದರೆ ಸುಮಾರು 11 ಲಕ್ಷ. ಒಂದು ಪಕಾಸೂ ಬದಲಾಗಿಲ್ಲ, ಒಂದು ಹಂಚೂ ಕೂತಿಲ್ಲ, ಜೂನ್ ಬಂದೇ ಬರುತ್ತದೆ.