ಬಾಟಲಿಯಲ್ಲಿ ಬಂದ ಕಡಲ ಬೆಳಕು

ಬೆಂಗಳೂರಿನ ಮೂಡಲಪಾಳ್ಯದ ನಮ್ಮ ಮನೆಯ ಬಚ್ಚಲಿನ ಕಿಟಕಿಗೆ ಟವೆಲು ಸಿಕ್ಕಿಸಿ, ಬಾಗಿಲ ಸಂದಿಗೆ ಹಳೇ ಬೆಡ್‌ಶೀಟು ಒತ್ತಿ, ನಾನೂ ತಮ್ಮನ ಮಗಳೂ ಕತ್ತಲಲ್ಲಿ ಕೂತಿದ್ದೆವು. ಹೊರಗೆ ಬೀದಿದೀಪ ಧಗಧಗಿಸುತ್ತಿತ್ತು. ನಮ್ಮಿಬ್ಬರ ನಡುವೆ ಒಂದು ಲೀಟರಿನ ಬಾಟಲಿ. ಅದರೊಳಗೆ ಹಿಂದಿನ ದಿನ ಸಂಜೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ತುಂಬಿಸಿಕೊಂಡು ಬಂದ ಉಪ್ಪುನೀರು.

"ಅಲ್ಲಾಡಿಸ್ಲಾ ದೊಡ್ಡಪ್ಪ?"

"ತಡಿಯಮ್ಮ, ಕಣ್ಣು ಕತ್ತಲಿಗೆ ಹೊಂದ್ಕೊಳ್ಳಲಿ."

ಇಪ್ಪತ್ತು ನಿಮಿಷ ಕಾದು ಅಲ್ಲಾಡಿಸಿದಳು. ಒಂದು ಕಿಡಿ. ಮತ್ತೊಂದು. ಮೂರನೆಯದು ಬಂತೋ ಇಲ್ಲವೋ ಎಂದು ಇಬ್ಬರಿಗೂ ಅನುಮಾನ. ಅಷ್ಟೇ, ಮುಗಿಯಿತು. "ಅಲ್ಲಿ ಅಷ್ಟೊಂದಿತ್ತು, ಇಲ್ಲಿ ಯಾಕಿಲ್ಲ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆ ಬೆಳಕಿನ ಗುಟ್ಟೆಲ್ಲ ಅದರೊಳಗೇ ಇದೆ.

ಅಲ್ಲಿ ನಿಜಕ್ಕೂ ಅಷ್ಟೊಂದಿತ್ತು. ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಅರಬ್ಬಿ ಸಮುದ್ರವನ್ನು ಸೇರುತ್ತವೆ. ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಹೊಳೆ, ನಡುವೆ ನಾಲಗೆಯಂತೆ ಚಾಚಿಕೊಂಡ ಮರಳು ನೆಲ. ಅಮಾವಾಸ್ಯೆಯ ಹಿಂದುಮುಂದಿನ ದಿನ. ಸೂರ್ಯ ಮುಳುಗುವ ಹೊತ್ತಿಗೆ ಲೈಫ್ ಜಾಕೆಟ್ ತೊಟ್ಟು ಇಬ್ಬರು ಕೂರುವ ಕಯಾಕ್ ಹತ್ತಿದೆವು. ಉಬ್ಬರದ ನೀರು ಹೊಳೆಯೊಳಕ್ಕೆ ಏರುತ್ತಿತ್ತು. ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಕತ್ತಲು ಪೂರ್ತಿ ಇಳಿದ ಮೇಲೆ ಹುಡುಗಿ ಹುಟ್ಟು ಹಾಕಿದ ಕಡೆ ನೀರು ಬೆಳಗಿತು. ಹುಟ್ಟಿನ ಅಲಗಿನ ಎರಡು ಅಂಚಿನಲ್ಲೂ ಪುಟ್ಟ ಸುಳಿ, ಸುಳಿಯೊಳಗೆ ಮಂಕು ಬೆಳಕು. ಹುಟ್ಟು ಎತ್ತಿದರೆ ತೊಟ್ಟಿಕ್ಕುವ ಹನಿ ಬಿದ್ದಲ್ಲೆಲ್ಲ ಒಂದೊಂದು ಉಂಗುರ. ಬೆದರಿದ ಮೀನು ಓಡಿದ ದಾರಿ ನೀರಿನಡಿ ಗೆರೆ ಎಳೆದಂತೆ ಕಂಡಿತು. ಕಯಾಕ್ ನಿಲ್ಲಿಸಿ ಸುಮ್ಮನೆ ಕೂತರೆ ಎಲ್ಲ ಆರಿಹೋಗಿ ಬರೀ ಕಪ್ಪು ನೀರು.

ಮುಟ್ಟಿದರೆ ಮಾತ್ರ ಬೆಳಕು. ಇದೇ ಮುಖ್ಯ ವಿಷಯ.

ನಮ್ಮ ಕರಾವಳಿಯಲ್ಲಿ ಹೀಗೆ ಬೆಳಗುವ ಜೀವಿಗಳಲ್ಲಿ ಹೆಚ್ಚು ಹೆಸರಾದದ್ದು ನಾಕ್ಟಿಲ್ಯೂಕಾ ಸಿಂಟಿಲಾನ್ಸ್. ನಾಕ್ಟಿಲ್ಯೂಕಾ ಎಂದರೆ ಇರುಳ ದೀಪ. 2020ರ ನವೆಂಬರಿನಲ್ಲಿ ಮಲ್ಪೆ, ಪಡುಕೆರೆ, ಮಟ್ಟು ಕಡೆಯ ತೆರೆಗಳು ನೀಲಿಯಾಗಿ ಹೊಳೆದು ಜನ ರಾತ್ರಿಯಿಡೀ ದಂಡೆಯಲ್ಲಿ ನೆರೆದಾಗ ಸುದ್ದಿಯಾದ ಜೀವಿ ಇದೇ. ಒಂದೇ ಒಂದು ಕೋಶದ ಜೀವಿಯಾದರೂ ಕೋಶಗಳ ಲೆಕ್ಕದಲ್ಲಿ ಇದು ದೈತ್ಯ. ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ದೊಡ್ಡದು. ಪಾಯಸದಲ್ಲಿ ಬೆಂದ ಸಬ್ಬಕ್ಕಿಯ ಕಾಳನ್ನು ರವೆಯಷ್ಟಕ್ಕೆ ಕುಗ್ಗಿಸಿ, ಅದಕ್ಕೊಂದು ಮೋಟು ಬಾಲ ಅಂಟಿಸಿದರೆ ಹೇಗೋ ಹಾಗೆ. ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಪಾಚಿ, ಮೀನಿನ ಮೊಟ್ಟೆ, ತನಗಿಂತ ಸಣ್ಣ ಜೀವಿ, ಸಿಕ್ಕಿದ್ದನ್ನು ನುಂಗುತ್ತದೆ. ಬೆಚ್ಚಗಿನ ಕಡಲಿನ ಒಂದು ಬಗೆ ಮಾತ್ರ ತನ್ನೊಳಗೆ ಹಸಿರು ಪಾಚಿಗಳನ್ನು ಸಾವಿರಗಟ್ಟಲೆ ಸಾಕಿಕೊಳ್ಳುತ್ತದೆ. ಅವು ಬಿಸಿಲಿನಿಂದ ಅಡುಗೆ ಮಾಡುತ್ತವೆ, ಯಜಮಾನನಿಗೂ ಪಾಲು ಕೊಡುತ್ತವೆ.

ಈ ಕೋಶದೊಳಗಿನ ಬಹುಪಾಲು ಜಾಗ ಹುಳಿ ನೀರು ತುಂಬಿದ ಚೀಲ. ಚೀಲದ ಪೊರೆಗೆ ಅಂಟಿಕೊಂಡು ಸಿಂಟಿಲಾನ್ ಎಂಬ ಅತಿ ಸಣ್ಣ ಗೂಡುಗಳಿವೆ. ದೀಪ ಹೊತ್ತುವುದು ಅಲ್ಲೇ. ಗೂಡಿನೊಳಗೆ ಲೂಸಿಫೆರಿನ್ ಎಂಬ ಉರಿಯುವ ವಸ್ತುವೂ ಲೂಸಿಫೆರೇಸ್ ಎಂಬ ಉರಿಸುವ ಕಿಣ್ವವೂ ಒಟ್ಟಿಗೇ ಇವೆ. ಎರಡಕ್ಕೂ ಹೆಸರಿಟ್ಟವನು ಫ್ರಾನ್ಸಿನ ರಫಾಯೆಲ್ ಡ್ಯುಬುವಾ, 1880ರ ದಶಕದಲ್ಲಿ, ಹೊಳೆಯುವ ಜೀರುಂಡೆಯನ್ನೂ ಒಂದು ಜಾತಿಯ ಕಪ್ಪೆಚಿಪ್ಪನ್ನೂ ಅರೆದು ನೋಡಿದ ಮೇಲೆ. ಕಡಲಿನ ಈ ಏಕಕೋಶಿಗಳ ಲೂಸಿಫೆರಿನ್ ಮಿಂಚುಹುಳದ ಲೂಸಿಫೆರಿನ್‌ನಂತಿಲ್ಲ. ಅದರ ರಚನೆ ಎಲೆಗೆ ಹಸಿರು ಕೊಡುವ ಪತ್ರಹರಿತ್ತನ್ನು ಹೋಲುತ್ತದೆ. ಎಲೆಯಲ್ಲಿ ಬೆಳಕನ್ನು ಹಿಡಿಯುವ ಅಣುವಿನ ನೆಂಟನೊಬ್ಬ ಕಡಲಿನಲ್ಲಿ ಬೆಳಕನ್ನು ಬಿಡುವ ಕೆಲಸ ಮಾಡುತ್ತಾನೆ ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಸೌದೆಯೂ ಕಡ್ಡಿಯೂ ಒಂದೇ ಗೂಡಿನಲ್ಲಿದ್ದರೂ ಸದಾ ಉರಿಯದಿರುವುದಕ್ಕೆ ಹುಳಿಯೇ ಬೀಗದಕೈ. ಸುಮ್ಮನಿರುವಾಗ ಗೂಡಿನೊಳಗೆ ಹುಳಿ ಇಲ್ಲ, ಕಿಣ್ವ ಕೆಲಸ ಮಾಡುವುದಿಲ್ಲ. ಹುಟ್ಟಿನ ಸುಳಿ ಕೋಶದ ಪೊರೆಯನ್ನು ಎಳೆದು ಜಗ್ಗಿದಾಗ ಒಂದು ವಿದ್ಯುತ್ ಅಲೆ ಏಳುತ್ತದೆ. ನಮ್ಮ ನರಗಳಲ್ಲಿ ಓಡುವಂಥದ್ದೇ. ಅದು ಹುಳಿಚೀಲದ ಪೊರೆಯ ಬಾಗಿಲುಗಳನ್ನು ತೆರೆಯುತ್ತದೆ. ಚೀಲದ ಹುಳಿ, ಅಂದರೆ ಪ್ರೋಟಾನ್‌ಗಳು, ಗೂಡಿಗೆ ನುಗ್ಗುತ್ತವೆ. 8ರ ಆಸುಪಾಸಿನಲ್ಲಿದ್ದ ಪಿಎಚ್ 6ರ ಕಡೆಗೆ ಇಳಿಯುತ್ತದೆ. ಕಿಣ್ವ ಎಚ್ಚೆತ್ತು ಲೂಸಿಫೆರಿನ್‌ಗೆ ಆಮ್ಲಜನಕ ಕೂಡಿಸುತ್ತದೆ, ನೀಲಿ ಬೆಳಕು ಹೊಮ್ಮುತ್ತದೆ. ಮುಟ್ಟಿದ್ದರಿಂದ ಮಿಂಚುವವರೆಗೆ ಇದಿಷ್ಟೂ ನಡೆಯುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಮಿಂಚಿನ ಆಯುಷ್ಯ ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು.

ಬಾಟಲಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಉಡುಪಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಘಟ್ಟದ ಪ್ರತಿ ತಿರುವಿನಲ್ಲೂ ಬಾಟಲಿ ಕುಲುಕಿತು. ಪ್ರತಿ ಕುಲುಕಿಗೂ ಕೋಶಗಳು ಯಾರೂ ನೋಡದ ಬ್ಯಾಗಿನೊಳಗೆ ಮಿಂಚುತ್ತ, ಕೂಡಿಟ್ಟ ಲೂಸಿಫೆರಿನ್ ತೀರಿಸಿಕೊಂಡವು. ಅದನ್ನು ಮತ್ತೆ ಕೂಡಿಸಿಕೊಳ್ಳಲು ಬಿಡುವು ಬೇಕು, ಊಟ ಬೇಕು. ಮುಚ್ಚಳ ಬಿಗಿದ ಬಾಟಲಿಯಲ್ಲಿ ಎರಡೂ ಇರಲಿಲ್ಲ. ಬಹಳಷ್ಟು ಸತ್ತೇಹೋಗಿದ್ದವು.

ಇನ್ನುಳಿದವು ಬದುಕಿವೆಯೇ ಎಂದು ತಿಳಿಯಲು ಅಡುಗೆಮನೆಯಿಂದ ವಿನೆಗರ್ ತಂದು ಎರಡು ಚಮಚ ಸುರಿದೆ. ಬಾಟಲಿಯ ಮೇಲ್ಭಾಗದಲ್ಲಿ ತೆಳುವಾದ ಬೆಳಕು ಹಬ್ಬಿ, ಕೆಲವು ಸೆಕೆಂಡು ನಿಂತು, ಆರಿತು. ಹೊರಗಿನ ಹುಳಿ ಒಳಗಿನ ಹುಳಿಯ ಕೆಲಸವನ್ನೇ ಮಾಡಿ, ಉಳಿದಿದ್ದ ಲೂಸಿಫೆರಿನ್ನನ್ನು ಒಮ್ಮೆಲೇ ಉರಿಸಿತ್ತು. ಹುಡುಗಿ ಚಪ್ಪಾಳೆ ತಟ್ಟಿದಳು. ಆಮೇಲೆ, "ಈಗ ಎಲ್ಲಾ ಸತ್ತೋದ್ವಾ?" ಎಂದಳು. ಹೌದು ಎನ್ನಬೇಕಾಯಿತು. ಆ ಬಾಟಲಿ ತರಬಾರದಿತ್ತು.

ಇಷ್ಟು ಖರ್ಚು ಮಾಡಿ ಬೆಳಗುವುದರಿಂದ ಆ ಜೀವಿಗೇನು ಲಾಭ? ಅದನ್ನು ತಿನ್ನಲು ಬರುವುದು ಸೀಗಡಿಯ ದೂರದ ಬಂಧುವಾದ ಕೋಪಿಪಾಡ್. ಅದು ಮುಟ್ಟಿದೊಡನೆ ಮಿಂಚು ಹೊಡೆದರೆ ಬೆಚ್ಚಿ ಹಿಂದೆ ನೆಗೆಯುತ್ತದೆ. ಹೆಚ್ಚು ಬೆಳಗುವ ಕೋಶಗಳನ್ನು ಕೋಪಿಪಾಡ್‌ಗಳು ಕಡಿಮೆ ತಿನ್ನುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಇನ್ನೊಂದು ವಿವರಣೆಯೂ ಇದೆ: ಮನೆಗೆ ಕಳ್ಳ ನುಗ್ಗಿದಾಗ ಲೈಟು ಹಾಕಿ ಕೂಗಿದಂತೆ, ಈ ಬೆಳಕು ಕೋಪಿಪಾಡನ್ನು ಅದರ ವೈರಿಯಾದ ಮೀನಿಗೆ ತೋರಿಸಿಕೊಡುತ್ತದೆ. ಎರಡೂ ನಿಜವಿರಬಹುದು. ನೀಲಿಯೇ ಏಕೆಂದರೆ ಕಡಲ ನೀರಿನಲ್ಲಿ ಎಲ್ಲಕ್ಕಿಂತ ದೂರ ಸಾಗುವ ಬಣ್ಣ ಅದು.

ಬೆಳಕು ಮೀನನ್ನು ಹಿಡಿದುಕೊಡುವುದೂ ಉಂಟು. ನಮ್ಮ ರಸ್ತೆಯ ಕೊನೆಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಹಿರಿಯರೊಬ್ಬರಿಗೆ ಈ ಕಥೆ ಹೇಳಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. ಅಮಾವಾಸ್ಯೆಯ ರಾತ್ರಿ ನೀರು ಕಲಕಿ ಹೊಳೆದರೆ ಅಡಿಯಲ್ಲಿ ಬೈಗೆ ಮೀನಿನ ಹಿಂಡಿದೆ ಎಂದು ಅವರ ತಂದೆ ಬಲೆ ಹಾಕುತ್ತಿದ್ದರಂತೆ.

ಆದರೆ ಇದೇ ಜೀವಿ ಲೆಕ್ಕ ಮೀರಿ ಬೆಳೆದರೆ ಮೀನುಗಾರರಿಗೆ ನಷ್ಟ. ಹಗಲಲ್ಲಿ ಕಡಲು ಕೆಂಪಾಗಿಯೋ ಹಸಿರಾಗಿಯೋ ಕಾಣುತ್ತದೆ. ಇದರಿಂದ ಮೀನು ಕಡಿಮೆಯಾಗುತ್ತದೆ ಎಂಬ ಅನುಮಾನ ಇಂದಿನದಲ್ಲ. ಬಿ. ಎಸ್. ಭೀಮಾಚಾರ್ ಮತ್ತು ಪಿ. ಸಿ. ಜಾರ್ಜ್ 1950ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ, ಮಲಬಾರ್ ಮತ್ತು ಕೆನರಾ ಕರಾವಳಿಯಲ್ಲಿ ಮೀನು ಇದ್ದಕ್ಕಿದ್ದಂತೆ ಸಿಗದಾಗುವುದಕ್ಕೆ ಈ 'ಕೆಂಪು ನೀರು' ಕಾರಣವಿರಬಹುದು ಎಂದು ಬರೆದಿದ್ದರು. ನಾಕ್ಟಿಲ್ಯೂಕಾ ವಿಷ ಕಕ್ಕುವುದಿಲ್ಲ. ತೇಲುವುದಕ್ಕಾಗಿ ಮೈಯಲ್ಲಿ ಅಮೋನಿಯಂ ತುಂಬಿಕೊಂಡಿರುತ್ತದೆ, ರಾಶಿ ರಾಶಿ ಸತ್ತಾಗ ಅದು ನೀರಿಗೆ ಬರುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕವೂ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಕೆಲಸ ಮಾಡುವ ಹೆಲ್ಗಾ ಗೋಮ್ಸ್, ಜೋಕಿಮ್ ಗೋಸ್ ಮತ್ತು ಅವರ ಸಂಗಡಿಗರು ಈ ಶತಮಾನದ ಆರಂಭದಿಂದ ಅರಬ್ಬಿ ಸಮುದ್ರದಲ್ಲಿ ಚಳಿಗಾಲದ ಹಸಿರು ನಾಕ್ಟಿಲ್ಯೂಕಾ ಹಬ್ಬುತ್ತಿರುವುದನ್ನು ಗುರುತಿಸಿದರು. ಆಮ್ಲಜನಕ ಕಡಿಮೆಯಾದ ನೀರು ಮೇಲೆ ಬರುವುದು ಅದಕ್ಕೆ ಅನುಕೂಲವೆಂದು 2014ರಲ್ಲಿ ಬರೆದರು. ಹಿಮಾಲಯದ ಹಿಮ ಕರಗಿ ಚಳಿಗಾಲದ ಗಾಳಿ ಬೆಚ್ಚಗಾಗುತ್ತಿರುವುದಕ್ಕೂ ಇದಕ್ಕೂ ನಂಟಿದೆಯೆಂದು 2020ರಲ್ಲಿ ತೋರಿಸಿದರು. ನಾಕ್ಟಿಲ್ಯೂಕಾವನ್ನು ತಿಂದು ಕೊಬ್ಬುವುದು ಹೆಚ್ಚಾಗಿ ಲೋಳೆ ಮೈಯ ಜೀವಿಗಳು, ನಾವು ತಿನ್ನುವ ಮೀನಲ್ಲ. ಆದ್ದರಿಂದ ತೆರೆ ತುಂಬ ನೀಲಿ ಬೆಳಗುವುದನ್ನು ಕಡಲಿನ ಆರೋಗ್ಯದ ಗುರುತೆಂದು ಕೊಂಡಾಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ನೋಡಲು ಹೋಗುವವರಿಗೆ ಒಂದು ಮಾತು. ಮೊಬೈಲಿನಲ್ಲಿ ಹರಿದಾಡುವ ಕಡುನೀಲಿ ತೆರೆಗಳನ್ನು ನಿರೀಕ್ಷಿಸಬೇಡಿ. ಕ್ಯಾಮೆರಾ ಹಲವು ಸೆಕೆಂಡು ಬೆಳಕು ಕೂಡಿಸಿ ಚಿತ್ರ ಮಾಡುತ್ತದೆ. ಕತ್ತಲಲ್ಲಿ ನಮಗೆ ನೋಟ ಕೊಡುವ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯದು, ಅವಕ್ಕೆ ಕಾಣುವುದು ಬೂದುಬಿಳುಪಿನ ಹೊಳಪು. ಅವು ಪೂರ್ತಿ ಚುರುಕಾಗಲು ಅರ್ಧ ಗಂಟೆ ಬೇಕು, ಮೊಬೈಲಿನ ಒಂದು ನೋಟಕ್ಕೆ ಆ ಅರ್ಧ ಗಂಟೆ ಹಾಳು. ಮೂಡಲಪಾಳ್ಯದಂಥ ಕಡೆ ವರ್ಷವಿಡೀ ಈ ಕಣ್ಣಿಗೆ ಕೆಲಸವೇ ಸಿಗುವುದಿಲ್ಲ. ಮಳೆಗಾಲ ಮುಗಿದ ಮೇಲೆ, ಅಮಾವಾಸ್ಯೆಯ ಅಕ್ಕಪಕ್ಕ, ಊರಿನ ದೀಪ ಬೀಳದ ಕಡೆ, ಸ್ಥಳೀಯರ ಜೊತೆಗೇ ನೀರಿಗಿಳಿಯಿರಿ. ಫೋನನ್ನು ದಂಡೆಯಲ್ಲೇ ಬಿಡಿ. ಕೈಯನ್ನು ಒಮ್ಮೆ ಮೆಲ್ಲಗೆ ನೀರಲ್ಲಿ ಆಡಿಸಿ ನೋಡಿ, ಬಾಟಲಿಯಲ್ಲಿ ಮಾತ್ರ ತುಂಬಿಸಿಕೊಂಡು ಬರಬೇಡಿ.