ಮಣ್ಣೆತ್ತಿಗೆ ಕೋಡು ಹಚ್ಚದ ಟೀಚರ್

ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಎರೆಮಣ್ಣು ಮನೆಯೊಳಗೆ ಬರುತ್ತದೆ. ಅದೇ ಮಣ್ಣನ್ನು ಅಂಗನವಾಡಿಗೆ ತಂದಿಡುವುದು ಸುಲಭ. ತಂದಿಟ್ಟ ಮೇಲೆ ಟೀಚರ್ ಏನು ಮಾಡಬೇಕು, ಏನು ಮಾಡಬಾರದು ಎಂಬಲ್ಲಿಂದ ಕಸುಬು ಶುರು.

ನಾಲ್ಕು ವರ್ಷದ ಹುಡುಗಿ ಉಂಡೆ ಕಟ್ಟಿ, ಅದಕ್ಕೆ ಮೂರು ಕಾಲು ಹಚ್ಚಿ, 'ಎತ್ತು' ಅಂದಳು ಎನ್ನಿ. ಕೋಡಿಲ್ಲ, ನಾಲ್ಕನೇ ಕಾಲಿಲ್ಲ. ದೊಡ್ಡವರ ಕೈ ತಾನಾಗಿ ಮುಂದೆ ಹೋಗುತ್ತದೆ: 'ಕೊಡವ್ವಾ ಇಲ್ಲಿ, ನಾ ಮಾಡಿಕೊಡ್ತೀನಿ.' ಅಲ್ಲಿಗೆ ಆಟ ಅವಳ ಕೈ ತಪ್ಪಿತು. ಪಳಗಿದ ಟೀಚರ್ ಹಾಗೆ ಮಾಡುವುದಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಾನೂ ಒಂದು ಹಿಡಿ ಮಣ್ಣು ನಾದುತ್ತಾ ಸುಮ್ಮನೆ ನೋಡುತ್ತಾಳೆ. ಸಮಯ ನೋಡಿ ಒಂದೇ ಮಾತು ಕೇಳುತ್ತಾಳೆ: 'ನಿನ್ನ ಎತ್ತಿಗೆ ಹಸಿವಾಗೇತೇನು?' ಹುಡುಗಿ ಹುಲ್ಲು ಹುಡುಕಲು ಏಳುತ್ತಾಳೆ. ಇನ್ನೊಬ್ಬ ಗೋದಲಿ ಕಟ್ಟಲು ಬರುತ್ತಾನೆ. ಎತ್ತು ಮತ್ತೆ ಮತ್ತೆ ಮಗುಚಿ ಬಿದ್ದಾಗ ನಾಲ್ಕನೇ ಕಾಲು ಬೇಕೆಂಬುದು ಅವಳಿಗೇ ಹೊಳೆಯುತ್ತದೆ. ಎಣಿಕೆ, ಮಾತು, ಬೆರಳಿನ ಹಿಡಿತ, ಕೂಡಿ ಆಡುವ ಗುಣ ಎಲ್ಲವೂ ಆ ಮಣ್ಣಿನಲ್ಲೇ ಬಂದವು. ಮಾತು ಯಾವಾಗ ಆಡಬೇಕು, ಯಾವಾಗ ನುಂಗಿಕೊಳ್ಳಬೇಕು ಎಂಬ ಈ ಹದವೇ ತರಬೇತಿಯ ತಿರುಳು. ನನ್ನ ಮಟ್ಟಿಗೆ ಇದು ಪಾಠ ಮಾಡುವುದಕ್ಕಿಂತ ಕಷ್ಟದ ಕೆಲಸ.

ಈ ವಿದ್ಯೆಗೆ ನಮ್ಮಲ್ಲಿ ಒಳ್ಳೆಯ ಪರಂಪರೆಯಿದೆ. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಅನುತಾಯಿ ವಾಘ್ ಜೊತೆಗೂಡಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಬಡಮಕ್ಕಳ ನಡುವೆ ಕೆಲಸ ಹಿಡಿದರು. ಊರಲ್ಲಿ ಸಿಗುವುದೇ ಆಟಿಕೆ, ಮಕ್ಕಳಿರುವ ಅಂಗಳವೇ ಶಾಲೆ ಎಂದು ನಡೆಸಿ ತೋರಿಸಿದರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ.

ಸಿಂಧನೂರು ಭಾಗದ ಟೀಚರ್‌ಗೆ ಇನ್ನೊಂದು ಸವಾಲಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಬೆಳೆದ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು, ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಬಂಗಾಳಿ. ಲಿಂಗಸುಗೂರಿನ ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಬಾರದ ಮಗು ಹಾಡಿನ ಹೊತ್ತಿಗೆ ಮೂಲೆ ಹಿಡಿದರೂ ಕುಂಟಬಿಲ್ಲೆಗೆ ಓಡಿ ಬರುತ್ತದೆ. ಆಗ ಟೀಚರ್ ಆ ಮಗುವಿನ ಭಾಷೆಯ ನಾಲ್ಕು ಪದ ತಾನೇ ಕಲಿತು ಆಟಕ್ಕೆ ಸೇರಿಸಿದರೆ ಸಾಕು, ಬಾಯಿ ಬಿಚ್ಚುತ್ತದೆ.

ಸಾಮಾನು ಆರಿಸುವುದೂ ಕಲಿಯಬೇಕಾದ್ದೇ. ಹುಣಸೆಬೀಜ ಐದು ವರ್ಷದವರಿಗೆ ಎಣಿಸಲು, ಗುಂಪು ಮಾಡಲು ಬಂಗಾರದಂಥ ವಸ್ತು. ಎರಡು ವರ್ಷದ ಕೂಸಿನ ಮುಂದಿಟ್ಟರೆ ಗಂಟಲಲ್ಲಿ ಸಿಕ್ಕೀತು. ಆ ಕೂಸಿಗೆ ಸ್ಟೀಲ್ ಲೋಟ, ದೊಡ್ಡ ಮುಚ್ಚಳ ಸಾಕು.

ಇಷ್ಟನ್ನು ಕಲಿಯಲು ಎಷ್ಟು ದಿನ ಬೇಕು? 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಪೋಷಣ್ ಭಿ, ಪಢಾಯಿ ಭಿ' ಕಾರ್ಯಕ್ರಮ ಆಟದ ಮೂಲಕ ಕಲಿಕೆಗೆ ಒತ್ತು ಕೊಟ್ಟಿತು, ಒಳ್ಳೆಯದೇ ಆಯಿತು. ಆದರೆ ಕಾರ್ಯಕರ್ತೆಯರಿಗೆ ಅದರಲ್ಲಿ ಸಿಗುವುದು ಮೂರು ದಿನದ ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿತ್ತು. ಸರಿಯಾದ ಅಳತೆ ಅದು. ತೂಕ, ಆಹಾರ, ರಿಜಿಸ್ಟರ್, ಪೋಷಣ್ ಟ್ರ್ಯಾಕರ್ ಎಲ್ಲ ಹೊತ್ತ ಹೆಣ್ಣುಮಗಳಿಗೆ ಮೂರು ದಿನದಲ್ಲಿ ಕೈ ಪಳಗದು. ಅನುಭವಿ ಟೀಚರ್ ಪಕ್ಕ ಕೂತು, ಮಕ್ಕಳು ಆಡುವುದನ್ನು ವಾರಗಟ್ಟಲೆ ನೋಡಲು ಅವಕಾಶ ಬೇಕು.

ಅಷ್ಟರೊಳಗೆ ನಾವು ಮಾಡಬಹುದಾದ್ದೂ ಇದೆ. ಮಗುವನ್ನು ಕರೆತರಲು ಹೋದಾಗ 'ಎಷ್ಟು ಅಕ್ಷರ ಬರೆಸಿದ್ರಿ?' ಅನ್ನಬೇಡಿ, 'ಇವತ್ತು ಏನು ಆಡಿದ್ರು, ಟೀಚರ್?' ಎಂದು ಕೇಳಿ. ಮನೆಯಲ್ಲಿ ಬಿದ್ದಿರುವ ಖಾಲಿ ಡಬ್ಬಿ, ಹಳೆ ಸೀರೆಯ ತುಂಡು, ಹಗ್ಗ ತೊಳೆದು ಕೊಟ್ಟು ಬನ್ನಿ.